ಅವಳಿ ಮಕ್ಕಳ ಗರ್ಭಿಣಿ ಮಲಗಿಯೇ ಇರಬೇಕೇ?

ಹೊಟ್ಟೆಯಲ್ಲಿ ಅವಳಿ ಮಕ್ಕಳಿದ್ದರೆ ಹೆರಿಗೆಯವರೆಗೂ ಹಾಸಿಗೆ ಬಿಟ್ಟೇಳಬಾರದು ಎಂಬ ಸಂದೇಶ ನಿಮಗೂ ಬಂದಿರಬಹುದು. ಭಯಕ್ಕೆ ಕಾರಣವಿದೆ: ಅವಳಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು 37 ವಾರ ತುಂಬುವ ಮೊದಲೇ ಹುಟ್ಟುತ್ತವೆ. ಆದರೆ ಮಲಗಿದ್ದರೆ ಅದು ತಪ್ಪುತ್ತದೆ ಎನ್ನಲು ಅಧ್ಯಯನಗಳಲ್ಲಿ ಪುರಾವೆ ಸಿಕ್ಕಿಲ್ಲ. ಸದಾ ಮಲಗಿದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಬೇರೆ! ಸ್ಕ್ಯಾನಿಂಗ್‌ನಲ್ಲಿ ಗರ್ಭಕಂಠ 25 ಮಿ.ಮೀ.ಗಿಂತ ಗಿಡ್ಡವಾಗಿದ್ದರೆ ವೈದ್ಯರು ಯೋನಿಯಲ್ಲಿಡುವ ಪ್ರೊಜೆಸ್ಟರಾನ್ ಕೊಡಬಹುದು; ಎಲ್ಲರಿಗೂ ಅದು ಬೇಕಿಲ್ಲ.

ಫಾರ್ವರ್ಡ್ ಮಾಡಬೇಕಾದ ಮಾತು ಬೇರೆಯೇ ಇದೆ ಎನ್ನುತ್ತೇವೆ ನಾವು. ಬಿಟ್ಟು ಬಿಟ್ಟು ಹೊಟ್ಟೆ ಗಟ್ಟಿಯಾಗುವುದು, ಸೊಂಟನೋವು, ನೀರು ಅಥವಾ ರಕ್ತ ಹೋಗುವುದು ಕಂಡರೆ ಬೆಳಗಾಗಲಿ ಎಂದು ಕಾಯದೆ, ನವಜಾತ ಶಿಶುಗಳ ಐಸಿಯು ಇರುವ ಆಸ್ಪತ್ರೆಗೆ ಹೊರಡಿ. ಅಲ್ಲಿ ತಾಯಿಗೆ ಕೊಡುವ ಸ್ಟಿರಾಯ್ಡ್ ಇಂಜೆಕ್ಷನ್ ಮಕ್ಕಳ ಶ್ವಾಸಕೋಶ ಬಲಿಯಲು ನೆರವಾಗುತ್ತದೆ. ಅದು ಪೂರ್ತಿ ಕೆಲಸ ಮಾಡಲು ಹೆರಿಗೆಗೆ ಮೊದಲು ಒಂದು ದಿನವಾದರೂ ಸಿಗಬೇಕು.