ಮರದ ಬಟ್ಟಲೂ ಅದರ ಬಿರುಕೂ

ಮನೆಬಳಕೆಯ ಪಾತ್ರೆಗಳ ಚರಿತ್ರೆಯೆಂದರೆ ಮಣ್ಣು ಮತ್ತು ಲೋಹಗಳ ಚರಿತ್ರೆಯೆಂದೇ ನಾವು ಭಾವಿಸುವುದುಂಟು. ಮಡಕೆ ಒಡೆದರೂ ಅದರ ಚೂರು ಉಳಿಯುತ್ತದೆ. ಮರವಾದರೋ ಹುಳುವಿಗೂ ಬೆಂಕಿಗೂ ತುತ್ತಾಗಿ ಅಳಿದುಹೋಗುತ್ತದೆ. ಆದರೂ ಉತ್ತರ ಯೂರೋಪಿನಲ್ಲಿ ಅನೇಕ ಶತಮಾನಗಳ ಕಾಲ ಜನಸಾಮಾನ್ಯರು ಗಂಜಿಯುಂಡುದು ಕಡಚಲುಯಂತ್ರದಲ್ಲಿ ಕಡೆದ ಮರದ ಬಟ್ಟಲಿನಲ್ಲಿಯೇ. ಅಂಥ ಬಟ್ಟಲು ಬಿರುಕುಬಿಟ್ಟರೆ ಮಾಡತಕ್ಕುದೇನು? ಈ ಸಣ್ಣ ಪ್ರಶ್ನೆಗೆ ಆಯಾ ಕಾಲದವರು ಕೊಟ್ಟ ಉತ್ತರಗಳಿಂದ ಅವರ ಬಾಳಿನ ರೀತಿಯೇ ತಿಳಿದುಬರುತ್ತದೆ.

ಮರ ಬಿರಿಯುವುದಕ್ಕೆ ಕಾರಣ ಅದರ ರಚನೆಯಲ್ಲಿಯೇ ಇದೆ. ಹಸಿಯ ದಿಮ್ಮಿ ಒಣಗುವಾಗ ತಿರುಳಿನಿಂದ ತೊಗಟೆಯ ಕಡೆಗೆ ಎಷ್ಟು ಕುಗ್ಗುವುದೋ, ವರ್ಷವಲಯಗಳ ಸುತ್ತಿನಲ್ಲಿ ಸಾಮಾನ್ಯವಾಗಿ ಅದರ ಸುಮಾರು ಎರಡರಷ್ಟು ಕುಗ್ಗುತ್ತದೆ. ಈ ಸೆಳೆತವನ್ನು ತಾಳಲಾರದೆ ಮರ ಸೀಳುತ್ತದೆ.

ಹಿಂದಿನವರಿಗೆ ಬಿರುಕೆಂಬುದು ಬರಿಯ ನಷ್ಟ. ಆಂಗ್ಲೋ-ಸ್ಯಾಕ್ಸನ್ ಜನರ ಕೆಲವು ಸಮಾಧಿಗಳಲ್ಲಿ ಬಟ್ಟಲು ಮಣ್ಣುಪಾಲಾಗಿ, ಅದರ ಸೀಳನ್ನು ಬಿಗಿದಿದ್ದ ತಾಮ್ರಮಿಶ್ರಲೋಹದ ಸಣ್ಣ ಪಟ್ಟಿಗಳು ಮಾತ್ರ ದೊರೆತಿವೆ. ಪಾತ್ರೆ ಅಳಿದು ತೇಪೆ ಉಳಿದಿದೆ! ಮಧ್ಯಯುಗದ ಇಂಗ್ಲೆಂಡಿನ ಸಿರಿವಂತರು 'ಮೇಜರ್' ಎಂಬ ಪಾನಪಾತ್ರೆಯನ್ನು ಮೇಪಲ್ ಮರದ ಗಂಟಿನಿಂದ ಕಡೆಯಿಸಿದರು. ಗಂಟಿನಲ್ಲಿ ಎಳೆಗಳು ಸುಳಿಸುಳಿಯಾಗಿ ಹೆಣೆದುಕೊಂಡಿರುವುದರಿಂದ ಅದು ಸುಲಭವಾಗಿ ಸೀಳದು. ಅಂಚಿಗೆ ಬೆಳ್ಳಿಯ ಕಟ್ಟು ಬೇರೆ. 1660ರಲ್ಲಿ ಸ್ಯಾಫ್ರನ್ ವಾಲ್ಡನ್ ಊರಿನ ಧರ್ಮಶಾಲೆಯೊಂದರಲ್ಲಿ ಇಂಥ ಬಟ್ಟಲಿನಲ್ಲಿ ಕುಡಿದುದನ್ನೂ, ಅದರ ತಳದಲ್ಲಿ ಬೆಳ್ಳಿಯ ಮಾತೃಶಿಶುಗಳ ಚಿತ್ರವನ್ನು ಕಂಡುದನ್ನೂ ಸ್ಯಾಮ್ಯುಅಲ್ ಪೀಪ್ಸನು ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ.

ಅಗ್ಗದ ಪಿಂಗಾಣಿಯೂ ಲೋಹದ ಪಾತ್ರೆಗಳೂ ಹರಡಿದ ಮೇಲೆ ಮರದ ಬಟ್ಟಲು ಊಟದಿಂದ ನಿವೃತ್ತವಾಯಿತು. ಇಪ್ಪತ್ತನೆಯ ಶತಮಾನದಲ್ಲಿ ಅಮೆರಿಕದ ಕುಶಲಿಗಳು ಅದನ್ನು ನೋಟದ ವಸ್ತುವನ್ನಾಗಿ ಮಾಡಿದರು. ಗಂಜಿ ಹಿಡಿಸಬೇಕಾದ ಹೊಣೆ ತಪ್ಪಿದೊಡನೆ ಬಿರುಕಿನ ಅವಮಾನವೂ ತಪ್ಪಿತು. ಆ ದೇಶದ ನೈಋತ್ಯ ಮರುಭೂಮಿಯಲ್ಲಿ ಬೆಳೆಯುವ ಮೆಸ್ಕೀಟ್ ಮರ ಗಟ್ಟಿಯಾದುದು, ಆದರೆ ಬಿರುಕು ಹುಳುಕುಗಳಿಂದ ತುಂಬಿದುದು. ಆ ನೆಲದಲ್ಲಿಯೇ ದೊರೆಯುವ ಆಕಾಶನೀಲಿಯ ಫಿರೋಜಾ ಕಲ್ಲನ್ನು ಪುಡಿಮಾಡಿ ಬಿರುಕಿನಲ್ಲಿ ತುಂಬುವ ಪದ್ಧತಿ ಅಲ್ಲಿ ಪ್ರಸಿದ್ಧವಾಯಿತು. ಮರಕ್ಕೂ ಈ ಕಲ್ಲಿಗೂ ನಂಟು ಹಳೆಯದು. ಮೆಕ್ಸಿಕೋವಿನ ಅಜ್ಟೆಕ್ ಜನರು ಮರದ ವಿಗ್ರಹಕ್ಕೆ ಫಿರೋಜಾ ಚೂರುಗಳನ್ನು ರಾಳದಿಂದ ಅಂಟಿಸುತ್ತಿದ್ದರು; ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ ಎರಡು ತಲೆಯ ಸರ್ಪವೇ ಇದಕ್ಕೆ ಸಾಕ್ಷಿ.

ಕೆಲಸದ ಕ್ರಮ ಸರಳವಾಗಿ ಕಂಡರೂ ಎಚ್ಚರವನ್ನು ಬೇಡುತ್ತದೆ. ಬಿರುಕನ್ನು ಶುದ್ಧಿಮಾಡಿ, ಹಿಂಬದಿಯನ್ನು ಮುಚ್ಚಿ, ಮೊದಲು ದಪ್ಪ ಚೂರುಗಳನ್ನೂ ಮೇಲೆ ನುಣ್ಣನೆಯ ಪುಡಿಯನ್ನೂ ತುಂಬಿ ತೆಳುವಾದ ಅಂಟನ್ನು ಇಳಿಸುತ್ತಾರೆ. ಗಟ್ಟಿಯಾದ ಬಳಿಕ ಬಟ್ಟಲನ್ನು ತಿರುಗಿಸುತ್ತ ಉಪ್ಪುಕಾಗದದಿಂದ ಉಜ್ಜಿ ಮರಕ್ಕೂ ಕಲ್ಲಿಗೂ ಒಂದೇ ಮಟ್ಟ ತರುತ್ತಾರೆ. ಕಲ್ಲು ಉಳಿಯ ಮೊನೆಯನ್ನು ಕೆಡಿಸುವುದು. ಆಳವಾಗಿ ಸೀಳಿದ ಬಟ್ಟಲಾದರೋ ತಿರುಗುವ ರಭಸಕ್ಕೆ ಸಿಡಿದು ಕುಶಲಿಯ ಮೇಲೆಯೇ ಬೀಳಬಹುದು. ಇದಲ್ಲದೆ, ಕಲ್ಲು ಕುಗ್ಗುವುದಿಲ್ಲ, ಮರ ಕುಗ್ಗುತ್ತದೆ. ಪೂರ್ಣವಾಗಿ ಒಣಗದ ಮರದಲ್ಲಿ ಕಲ್ಲು ತುಂಬಿದರೆ ಬೆಸುಗೆ ಬಿಡುವುದು ಖಂಡಿತ. ಮೆಸ್ಕೀಟ್ ಒಣಗುವಾಗ ಬಹಳ ಕಡಮೆ ಕುಗ್ಗುವ ಮರವಾದುದರಿಂದಲೇ ಈ ಕಲೆ ಅದರಲ್ಲಿ ನೆಲೆಗೊಂಡಿತು.

ಈ ಮರದ ಬಂಧುವೊಂದು ನಮಗೂ ಪರಿಚಿತವಾದುದೇ. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದಿಂದ ಭಾರತಕ್ಕೆ ಬಂದ ಬಳ್ಳಾರಿ ಜಾಲಿ ಅದೇ ಕುಲದ್ದು. ಅದು ಹೊಲಗಳನ್ನು ಆಕ್ರಮಿಸುವ ಪೀಡೆಯೆಂಬುದು ದಿಟ; ನಾವು ಅದನ್ನು ಹೆಚ್ಚಾಗಿ ಒಲೆಗೂ ಇದ್ದಲಿಗೂ ಒಪ್ಪಿಸಿದ್ದೇವೆ. ಆದರೆ ಒಂದು ಮರದ ಬೆಲೆಯನ್ನು ನಿರ್ಣಯಿಸತಕ್ಕುದು ಅದರ ದೋಷವೊಂದೇ ಅಲ್ಲ. ಆ ದೋಷವನ್ನು ಅರಿತು ಅದಕ್ಕೆ ತಕ್ಕ ಸ್ಥಳವನ್ನು ಕಲ್ಪಿಸುವ ಕೈಗೂ ಅದರಲ್ಲಿ ಪಾಲುಂಟು.