ಸರ್ಟಿಫಿಕೇಟ್: ಕೊನೆಯ ನಿಲ್ದಾಣವೋ, ಮೊದಲ ಮೆಟ್ಟಿಲೋ?

ಅಮೆರಿಕದ ಕಾಲೇಜು ಎಂದರೆ ನಮಗೆ ತಟ್ಟನೆ ನೆನಪಾಗುವುದು ಹಾರ್ವರ್ಡ್, ಸ್ಟ್ಯಾನ್‌ಫರ್ಡ್‌ನಂಥ ದೊಡ್ಡ ಹೆಸರುಗಳು. ನಮ್ಮ ಮಕ್ಕಳು ಎಂ.ಎಸ್. ಮಾಡಲು ವಿಮಾನ ಹತ್ತುವುದೂ ವಿಶ್ವವಿದ್ಯಾಲಯಗಳಿಗೇ. ಆದರೆ ಆ ದೇಶದಲ್ಲಿ ಊರೂರಿಗೆ ಹರಡಿಕೊಂಡ ಇನ್ನೊಂದು ಬಗೆಯ ಕಾಲೇಜಿದೆ. ಅದರ ಹೆಸರು ಕಮ್ಯುನಿಟಿ ಕಾಲೇಜು. ಅಲ್ಲಿ ಪ್ರವೇಶಕ್ಕೆ ನೂಕುನುಗ್ಗಲಿಲ್ಲ, ಶುಲ್ಕ ಕಡಿಮೆ, ಸಂಜೆಯ ತರಗತಿಗಳು ಸಾಮಾನ್ಯ. ಒಂದು ಕೊಠಡಿಯಲ್ಲಿ ಹದಿನೆಂಟರ ಹುಡುಗ ಗಣಿತ ಕಲಿಯುತ್ತಿದ್ದರೆ, ಪಕ್ಕದ ಶೆಡ್ಡಿನಲ್ಲಿ ನಲವತ್ತು ದಾಟಿದ ಸಂಸಾರಸ್ಥ ವೆಲ್ಡಿಂಗ್ ಕಲಿಯುತ್ತಿರುತ್ತಾನೆ.

ಈ ಕಾಲೇಜುಗಳು ಎರಡು ವರ್ಷದ ಪದವಿಯ ಜೊತೆಗೆ ಅಲ್ಪಾವಧಿಯ ಉದ್ಯೋಗ ಸರ್ಟಿಫಿಕೇಟುಗಳನ್ನೂ ಕೊಡುತ್ತವೆ. ಕೆಲವಕ್ಕೆ ಎಂಟು ವಾರ ಸಾಕು, ಕೆಲವಕ್ಕೆ ಒಂದು ವರ್ಷ ಬೇಕು. ರೋಗಿಗಳ ಶುಶ್ರೂಷೆ ಮಾಡುವ ಸಹಾಯಕಿ, ಆಂಬುಲೆನ್ಸ್ ಸಿಬ್ಬಂದಿ, ಎ.ಸಿ. ರಿಪೇರಿಯವನು, ಲಾರಿ ಚಾಲಕ, ಆಸ್ಪತ್ರೆಯ ಬಿಲ್ಲುಗಳಿಗೆ ಸಂಕೇತ ಬರೆಯುವ ಗುಮಾಸ್ತ ಇವರೆಲ್ಲ ಇಲ್ಲಿಂದ ಹೊರಬರುತ್ತಾರೆ. ಬೇಗ ಕಲಿ, ಬೇಗ ದುಡಿ ಎನ್ನುವುದು ಇದರ ಹಿಂದಿನ ಲೆಕ್ಕಾಚಾರ. ಆದರೆ ಈ ಕಾಗದ ಬಡವನನ್ನು ಮೇಲೆತ್ತುತ್ತದೆಯೇ ಅಥವಾ ಅವನು ನಿಂತಲ್ಲಿಯೇ ನಿಲ್ಲಿಸುತ್ತದೆಯೇ? ಈ ವಾದಕ್ಕೆ ಹತ್ತಿರ ಹತ್ತಿರ ನೂರು ವರ್ಷ ವಯಸ್ಸಾಗಿದೆ.

ಜೋಲಿಯೆಟ್‌ನ ಆರು ಮಂದಿ

ಕಥೆ ಆರಂಭವಾಗುವುದು ಷಿಕಾಗೋ ಸಮೀಪದ ಜೋಲಿಯೆಟ್ ಪಟ್ಟಣದಲ್ಲಿ. ಷಿಕಾಗೋ ವಿಶ್ವವಿದ್ಯಾಲಯದ ಅಧ್ಯಕ್ಷ ವಿಲಿಯಂ ರೇನಿ ಹಾರ್ಪರ್‌ಗೆ ಒಂದು ಆಲೋಚನೆಯಿತ್ತು. ಪದವಿಯ ಮೊದಲ ಎರಡು ವರ್ಷದ ಪಾಠವನ್ನು ಬೇರೆಡೆ ಮುಗಿಸಿದರೆ ವಿಶ್ವವಿದ್ಯಾಲಯ ಸಂಶೋಧನೆಯ ಕಡೆಗೆ ಗಮನ ಕೊಡಬಹುದು ಎಂಬುದು ಅವರ ನಿಲುವು. ಜೋಲಿಯೆಟ್ ಹೈಸ್ಕೂಲಿನ ಮುಖ್ಯಸ್ಥ ಜೆ. ಸ್ಟ್ಯಾನ್ಲಿ ಬ್ರೌನ್ ಇದನ್ನು ಕಾರ್ಯರೂಪಕ್ಕೆ ತಂದರು. 1901ರಲ್ಲಿ ಹೈಸ್ಕೂಲಿನ ಕಟ್ಟಡದಲ್ಲೇ ಆರು ವಿದ್ಯಾರ್ಥಿಗಳೊಂದಿಗೆ ಕಾಲೇಜು ತರಗತಿ ಶುರುವಾಯಿತು. ಜೋಲಿಯೆಟ್ ಜೂನಿಯರ್ ಕಾಲೇಜು ಇಂದಿಗೂ ನಡೆಯುತ್ತಿದೆ.

ಕ್ಯಾಲಿಫೋರ್ನಿಯಾ 1907ರಲ್ಲಿ ಕಾನೂನು ಮಾಡಿ, ಹೈಸ್ಕೂಲುಗಳು ಕಾಲೇಜು ಮಟ್ಟದ ಪಾಠ ನಡೆಸಲು ಅನುಮತಿ ಕೊಟ್ಟಿತು. ಅದರ ಫಲವಾಗಿ 1910ರಲ್ಲಿ ಫ್ರೆಸ್ನೋದಲ್ಲಿ ಕಾಲೇಜು ತಲೆಯೆತ್ತಿತು. ಗಮನಿಸಬೇಕಾದ ಸಂಗತಿಯೆಂದರೆ, ಹಾರ್ಪರ್ ಅವರ ಆಲೋಚನೆಯಲ್ಲಿ ಕಸುಬಿನ ಶಿಕ್ಷಣಕ್ಕೆ ಜಾಗವೇ ಇರಲಿಲ್ಲ. ಜೂನಿಯರ್ ಕಾಲೇಜು ವಿಶ್ವವಿದ್ಯಾಲಯಕ್ಕೆ ಹೋಗುವ ದಾರಿಯಲ್ಲಿನ ಮೊದಲ ತಂಗುದಾಣ, ಅಷ್ಟೆ. ಉದ್ಯೋಗದ ಕೋರ್ಸು ಬಂದು ಸೇರಿಕೊಂಡದ್ದು ಆಮೇಲೆ.

ತಲೆಗೊಂದು, ಕೈಗೊಂದು

ಅಮೆರಿಕದ ಕೇಂದ್ರ ಸರ್ಕಾರ 1917ರಲ್ಲಿ ಸ್ಮಿತ್-ಹ್ಯೂಸ್ ಕಾಯ್ದೆ ತಂದು ಬೇಸಾಯ, ಕೈಗಾರಿಕೆ, ಗೃಹವಿಜ್ಞಾನದ ತರಬೇತಿಗೆ ಹಣ ಒದಗಿಸಿತು. ಆದರೆ ಒಂದು ಷರತ್ತು ವಿಧಿಸಿತು. ಈ ಹಣ ಕಾಲೇಜು ಮಟ್ಟಕ್ಕಿಂತ ಕೆಳಗಿನ ಶಿಕ್ಷಣಕ್ಕೆ ಮಾತ್ರ. ತಲೆಯ ಕೆಲಸ ಬೇರೆ, ಕೈಯ ಕೆಲಸ ಬೇರೆ ಎಂಬ ಭೇದ ಹೀಗೆ ಕಾನೂನಿನೊಳಗೇ ಬಂದು ಕುಳಿತಿತು.

ಇತ್ತ ಜೂನಿಯರ್ ಕಾಲೇಜುಗಳಲ್ಲಿ ಬೇರೊಂದು ಸಮಸ್ಯೆ. ಸೇರುವವರೆಲ್ಲ ಮುಂದೆ ವಿಶ್ವವಿದ್ಯಾಲಯಕ್ಕೆ ಹೋಗುತ್ತೇವೆ ಎನ್ನುತ್ತಿದ್ದರು, ಆದರೆ ಬಹುಪಾಲು ಮಂದಿ ಹೋಗುತ್ತಿರಲಿಲ್ಲ. ಅಂಥವರಿಗೆ ಇಲ್ಲಿಯೇ ಮುಗಿಯುವ ಶಿಕ್ಷಣ ಕೊಟ್ಟು ಕೆಲಸಕ್ಕೆ ಕಳುಹಿಸಬೇಕು ಎಂದು ಆ ಚಳವಳಿಯ ನಾಯಕರು ವಾದಿಸಿದರು. ವಾಲ್ಟರ್ ಕ್ರಾಸ್ಬಿ ಈಲ್ಸ್ 1941ರಲ್ಲಿ ಇದಕ್ಕೆಂದೇ ಪುಸ್ತಕ ಬರೆದರು. ಅವರು ಬಳಸಿದ ಮಾತು 'ಟರ್ಮಿನಲ್' ಶಿಕ್ಷಣ. ರೈಲು ಅಲ್ಲಿಗೇ ನಿಲ್ಲುತ್ತದೆ, ಮುಂದೆ ಹಳಿಯಿಲ್ಲ ಎಂದೇ ಆ ಪದದ ಧ್ವನಿ. ಮಗ ಡಾಕ್ಟರೋ ವಕೀಲನೋ ಆಗಲಿ ಎಂದು ಕಾಲೇಜಿಗೆ ಕಳುಹಿಸಿದ ತಂದೆ ತಾಯಿಗೆ ಈ ಹೆಸರು ರುಚಿಸೀತೇ? ವಿದ್ಯಾರ್ಥಿಗಳು ಈ ಕೋರ್ಸುಗಳಿಗಿಂತ ಪದವಿಯ ದಾರಿಯನ್ನೇ ಹೆಚ್ಚಾಗಿ ಆರಿಸಿಕೊಂಡರು.

ಯುದ್ಧ ಮುಗಿದ ಮೇಲೆ

ಎರಡನೆಯ ಮಹಾಯುದ್ಧ ಚಿತ್ರವನ್ನು ಬದಲಿಸಿತು. 1944ರ ಜಿ.ಐ. ಮಸೂದೆ, ಮನೆಗೆ ಮರಳಿದ ಯೋಧರ ಓದಿಗೂ ತರಬೇತಿಗೂ ಸರ್ಕಾರದ ಹಣ ಕೊಟ್ಟಿತು. ಸುಮಾರು 78 ಲಕ್ಷ ಮಂದಿ ಇದರ ಪ್ರಯೋಜನ ಪಡೆದರು. ಅವರಲ್ಲಿ ಕಾಲೇಜು ಸೇರಿದವರು ಸುಮಾರು 22 ಲಕ್ಷ. ಉಳಿದವರು ಕಸುಬಿನ ಶಾಲೆಗಳಲ್ಲಿ, ಕಾರ್ಖಾನೆಗಳಲ್ಲಿ, ಹೊಲಗಳಲ್ಲಿ ತರಬೇತಿ ಪಡೆದರು. ಮೀಸೆ ಬಲಿತವರೂ ಮತ್ತೆ ವಿದ್ಯಾರ್ಥಿಗಳಾಗಬಹುದು ಎಂಬುದನ್ನು ಅಮೆರಿಕ ಆಗ ಕಣ್ಣಾರೆ ಕಂಡಿತು.

ಅಧ್ಯಕ್ಷ ಟ್ರೂಮನ್ ನೇಮಿಸಿದ, ಜಾರ್ಜ್ ಜೂಕ್ ನೇತೃತ್ವದ ಆಯೋಗ 1947ರಲ್ಲಿ ವರದಿ ಕೊಟ್ಟಿತು. ದೇಶದ ಕನಿಷ್ಠ ಶೇ 49ರಷ್ಟು ಜನರಿಗೆ ಹೈಸ್ಕೂಲಿನ ನಂತರ ಇನ್ನೂ ಎರಡು ವರ್ಷ ಓದುವ ಸಾಮರ್ಥ್ಯವಿದೆ ಎಂದು ಅದು ಹೇಳಿತು. ಓದು ಮನೆಯ ಹತ್ತಿರವೇ ಸಿಗಬೇಕು, ಶುಲ್ಕ ಇರಬಾರದು, ಕಾಲೇಜು ಊರಿನ ಅಗತ್ಯಕ್ಕೆ ತಕ್ಕಂತಿರಬೇಕು ಎಂಬುದು ಅದರ ಶಿಫಾರಸು. 'ಕಮ್ಯುನಿಟಿ ಕಾಲೇಜು' ಎಂಬ ಹೆಸರು ಜನಬಳಕೆಗೆ ಬಂದದ್ದು ಈ ವರದಿಯಿಂದ. 1960ರ ದಶಕವೊಂದರಲ್ಲೇ 450ಕ್ಕೂ ಹೆಚ್ಚು ಹೊಸ ಸಾರ್ವಜನಿಕ ಕಮ್ಯುನಿಟಿ ಕಾಲೇಜುಗಳು ಬಾಗಿಲು ತೆರೆದವು.

ದಕ್ಷಿಣದ ಸೌತ್ ಕೆರೊಲಿನಾ ರಾಜ್ಯದ ಮಾರ್ಗ ಬೇರೆಯಾಗಿತ್ತು. ಹತ್ತಿ ಮತ್ತು ಬಟ್ಟೆ ಗಿರಣಿಗಳನ್ನೇ ನೆಚ್ಚಿದ್ದ ಆ ರಾಜ್ಯದಲ್ಲಿ 1961ರಲ್ಲಿ ಗವರ್ನರ್ ಅರ್ನೆಸ್ಟ್ ಹಾಲಿಂಗ್ಸ್ ತಾಂತ್ರಿಕ ತರಬೇತಿಯ ವ್ಯವಸ್ಥೆಯೊಂದನ್ನು ಕಟ್ಟಿದರು. ಕಾರ್ಖಾನೆ ಇಲ್ಲಿ ಸ್ಥಾಪಿಸಿ, ಅದಕ್ಕೆ ಬೇಕಾದ ಕೆಲಸಗಾರರನ್ನು ನಾವು ತಯಾರು ಮಾಡಿ ಕೊಡುತ್ತೇವೆ ಎಂದು ಕಂಪೆನಿಗಳಿಗೆ ಆಹ್ವಾನ ಹೋಯಿತು. ಕೋರ್ಸು ಮೊದಲು, ಕೆಲಸ ಆಮೇಲೆ ಎಂಬ ಕ್ರಮ ಇಲ್ಲಿ ತಿರುಗುಮುರುಗಾಯಿತು. 1994ರಲ್ಲಿ ಬಿ.ಎಂ.ಡಬ್ಲ್ಯು. ಕಂಪೆನಿಯ ಕಾರುಗಳು ಇದೇ ರಾಜ್ಯದ ಸ್ಪಾರ್ಟನ್‌ಬರ್ಗ್‌ನಲ್ಲಿ ತಯಾರಾಗತೊಡಗಿದವು. ಕಂಪೆನಿಯ ತರಬೇತಿಗೆ ತೆರಿಗೆದಾರನೇಕೆ ಹಣ ಕೊಡಬೇಕು ಎಂಬ ಆಕ್ಷೇಪ ಇಂಥ ಯೋಜನೆಗಳನ್ನು ಬಿಟ್ಟಿಲ್ಲ. ಆದರೆ ಕಲಿತವನಿಗೆ ಕೆಲಸ ಎಲ್ಲಿದೆ ಎಂಬ ಪ್ರಶ್ನೆಗೆ ಅಲ್ಲಿ ಉತ್ತರ ಮೊದಲೇ ಸಿದ್ಧವಿರುತ್ತದೆ.

ಬಾಗಿಲು ತೆರೆದು, ಆಸೆ ತಣ್ಣಗಾಗಿಸಿ

ಈ ಬೆಳವಣಿಗೆಯ ನಡುವೆಯೇ ಒಬ್ಬ ಸಮಾಜಶಾಸ್ತ್ರಜ್ಞ ಮುಜುಗರದ ಪ್ರಶ್ನೆಯೆತ್ತಿದರು. ಬರ್ಟನ್ ಕ್ಲಾರ್ಕ್ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ಜೂನಿಯರ್ ಕಾಲೇಜನ್ನು ಹತ್ತಿರದಿಂದ ನೋಡಿ 1960ರಲ್ಲಿ ಪ್ರಬಂಧ ಪ್ರಕಟಿಸಿದರು. ಬಾಗಿಲು ಎಲ್ಲರಿಗೂ ತೆರೆದಿದೆ, ನಿಜ. ಆದರೆ ಒಳಗೆ ಬಂದ ಮೇಲೆ ಪರೀಕ್ಷೆ, ಅಂಕ, ಸಲಹೆಗಾರನ ಮಾತು ಇವುಗಳ ಮೂಲಕ ಹಿಂದುಳಿದ ವಿದ್ಯಾರ್ಥಿಯನ್ನು ಮೆಲ್ಲಮೆಲ್ಲಗೆ ಪದವಿಯ ಆಸೆಯಿಂದ ಕಸುಬಿನ ಕೋರ್ಸಿಗೆ ತಿರುಗಿಸಲಾಗುತ್ತದೆ. ಯಾರೂ 'ನಿನ್ನಿಂದಾಗದು' ಎನ್ನುವುದಿಲ್ಲ. ತನ್ನಿಂದಾಗದು ಎಂಬ ತೀರ್ಮಾನಕ್ಕೆ ಅವನೇ ಬರುವಂತೆ ವ್ಯವಸ್ಥೆ ನೋಡಿಕೊಳ್ಳುತ್ತದೆ.

ಕ್ಲಾರ್ಕ್ ಇದಕ್ಕೆ 'ಕೂಲಿಂಗ್ ಔಟ್' ಎಂದು ಹೆಸರಿಟ್ಟರು. ಅದು ಮೂಲತಃ ವಂಚಕರ ಗುಂಪಿನ ಭಾಷೆ. ಮೋಸಹೋದವನು ರೊಚ್ಚಿಗೆದ್ದು ಪೊಲೀಸರ ಬಳಿಗೆ ಓಡದಂತೆ, ಗುಂಪಿನಲ್ಲೊಬ್ಬ ಹಿಂದೆ ಉಳಿದು ಸಮಾಧಾನ ಹೇಳುವುದಕ್ಕೆ ಆ ಮಾತು ಬಳಕೆಯಲ್ಲಿತ್ತು. ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ 1952ರಲ್ಲಿ ಅದನ್ನು ವಿದ್ವತ್ ಲೋಕಕ್ಕೆ ತಂದಿದ್ದರು. 1989ರಲ್ಲಿ ಸ್ಟೀವನ್ ಬ್ರಿಂಟ್ ಮತ್ತು ಜೆರೋಮ್ ಕ್ಯಾರಬೆಲ್ ಒಂದು ಗ್ರಂಥದಲ್ಲಿ ಇದೇ ವಾದವನ್ನು ಮುಂದುವರಿಸಿದರು. ಕಾಲೇಜುಗಳು ಉದ್ಯೋಗ ಶಿಕ್ಷಣದತ್ತ ಹೊರಳಿದ್ದು ವಿದ್ಯಾರ್ಥಿಗಳ ಬೇಡಿಕೆಯಿಂದ ಮಾತ್ರವಲ್ಲ, ಕಾಲೇಜುಗಳನ್ನು ನಡೆಸುವವರು ತಮ್ಮ ಸಂಸ್ಥೆಗಳಿಗೊಂದು ಸ್ಥಾನ ಹುಡುಕಿದ್ದರಿಂದ ಎಂದು ಅವರು ತೋರಿಸಲು ಯತ್ನಿಸಿದರು.

ಟೀಕೆ ಸರಿಯೇ ಇರಬಹುದು. ಆದರೆ ಕೈಯಲ್ಲಿ ಕಾಸಿಲ್ಲದ, ಮನೆಯಲ್ಲಿ ಇಬ್ಬರು ಮಕ್ಕಳಿರುವ ಹೆಂಗಸಿಗೆ ನಾಲ್ಕು ವರ್ಷದ ಪದವಿ ಗಗನಕುಸುಮವೇ. ಅವಳ ಮಟ್ಟಿಗೆ ಎಂಟು ವಾರದ ಕೋರ್ಸು ಮೋಸವಲ್ಲ, ಕೈಗೆಟಕುವ ಒಂದೇ ಕೊಂಬೆ.

ಒಂದು ಮೆಟ್ಟಿಲ ಮೇಲೆ ಇನ್ನೊಂದು

ಕೆಲವು ಕೋರ್ಸುಗಳಿಗೆ ಕಾನೂನೇ ಬಲ ಕೊಟ್ಟಿತು. ವೃದ್ಧರ ಶುಶ್ರೂಷಾಲಯಗಳ ದುಃಸ್ಥಿತಿ ದೊಡ್ಡ ಸುದ್ದಿಯಾದ ಮೇಲೆ, 1987ರ ಕಾಯ್ದೆ ಅಲ್ಲಿನ ಶುಶ್ರೂಷಾ ಸಹಾಯಕರಿಗೆ ಕನಿಷ್ಠ 75 ಗಂಟೆಗಳ ತರಬೇತಿ ಕಡ್ಡಾಯ ಮಾಡಿತು. ಲಾರಿ ಚಾಲಕರಿಗೆ ದೇಶಕ್ಕೆಲ್ಲ ಒಂದೇ ಮಟ್ಟದ ಪರವಾನಗಿ ಪರೀಕ್ಷೆಗೆ 1986ರ ಕಾಯ್ದೆ ದಾರಿ ಮಾಡಿತು. 2022ರ ಫೆಬ್ರುವರಿಯಿಂದ ಹೊಸ ಚಾಲಕರಿಗೆ ತರಬೇತಿಯೂ ಕಡ್ಡಾಯವಾಯಿತು. ಇಂಥ ಕಡೆ ಸರ್ಟಿಫಿಕೇಟಿಗೆ ಬೆಲೆಯಿದೆ, ಏಕೆಂದರೆ ಅದಿಲ್ಲದೆ ಕೆಲಸವೇ ಇಲ್ಲ.

ಆದರೆ ಕೆಲಸ ಸಿಗುವುದೇ ಬೇರೆ, ಸಂಸಾರ ನಡೆಯುವಷ್ಟು ಸಂಬಳ ಸಿಗುವುದೇ ಬೇರೆ. ಶುಶ್ರೂಷಾ ಸಹಾಯಕಿಯ ಕೆಲಸ ಬೇಗ ಸಿಗುತ್ತದೆ, ಸಂಬಳ ಮಾತ್ರ ಕಡಿಮೆ. ಅವಳು ಇನ್ನೊಂದು ಮೆಟ್ಟಿಲು ಹತ್ತಿ ನರ್ಸ್ ಆದರೆ ಬದುಕೇ ಬೇರೆ. ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನ ಮಿಲ್ಡ್ರೆಡ್ ಮೊಂಟಾಗ್ ಅವರ ನೇತೃತ್ವದಲ್ಲಿ 1952ರಲ್ಲಿ ನಡೆದ ಪ್ರಯೋಗದಿಂದಾಗಿ, ಎರಡು ವರ್ಷದ ಕಾಲೇಜಿನಲ್ಲಿ ಓದಿಯೇ ನರ್ಸ್ ಆಗುವ ದಾರಿ ತೆರೆದಿತ್ತು. ಪ್ರಶ್ನೆ ಇಷ್ಟೆ: ಸಹಾಯಕಿಯ ಸರ್ಟಿಫಿಕೇಟು ಆ ದಾರಿಗೆ ಕೂಡಿಕೊಳ್ಳುತ್ತದೆಯೋ ಅಥವಾ ಅವಳು ಮತ್ತೆ ಮೊದಲಿನಿಂದ ಶುರು ಮಾಡಬೇಕೋ?

ಅಂಕಿಅಂಶಗಳೂ ಈ ಪ್ರಶ್ನೆಯತ್ತಲೇ ಬೆರಳು ತೋರುತ್ತವೆ. ಕೆಂಟಕಿ ರಾಜ್ಯದ ಕಮ್ಯುನಿಟಿ ಕಾಲೇಜು ವಿದ್ಯಾರ್ಥಿಗಳ ಗಳಿಕೆಯನ್ನು ಅಧ್ಯಯನ ಮಾಡಿ 2014ರಲ್ಲಿ ಪ್ರಕಟವಾದ ಪ್ರಬಂಧವೊಂದರ ಪ್ರಕಾರ, ಎರಡು ವರ್ಷದ ಪದವಿ ಅಥವಾ ದೀರ್ಘಾವಧಿಯ ಡಿಪ್ಲೊಮಾ ಪಡೆದ ಮಹಿಳೆಯರ ಗಳಿಕೆ ಮೂರು ತಿಂಗಳಿಗೆ ಸುಮಾರು 2,400 ಡಾಲರ್, ಪುರುಷರದು ಸುಮಾರು 1,500 ಡಾಲರ್ ಹೆಚ್ಚಿತು. ಅಲ್ಪಾವಧಿಯ ಸರ್ಟಿಫಿಕೇಟಿನಿಂದ ಆದ ಲಾಭ ಇದಕ್ಕಿಂತ ಬಹಳ ಕಡಿಮೆ.

ಎಂಟು ವಾರಕ್ಕೂ ಸಹಾಯಧನ

ಅಮೆರಿಕದ ಬಡ ವಿದ್ಯಾರ್ಥಿಗಳಿಗೆ ಮರುಪಾವತಿಯಿಲ್ಲದೆ ಸಿಗುವ ದೊಡ್ಡ ನೆರವು ಪೆಲ್ ಸಹಾಯಧನ. 1972ರಲ್ಲಿ ಬೇರೆ ಹೆಸರಿನಿಂದ ಹುಟ್ಟಿದ ಇದಕ್ಕೆ 1980ರಲ್ಲಿ ಸೆನೆಟರ್ ಕ್ಲೇಬೋರ್ನ್ ಪೆಲ್ ಅವರ ಹೆಸರು ಬಂತು. ಸಾಮಾನ್ಯವಾಗಿ 15 ವಾರ ಅಥವಾ 600 ಗಂಟೆಗಿಂತ ಚಿಕ್ಕ ಕೋರ್ಸಿಗೆ ಈ ಹಣ ಸಿಗುತ್ತಿರಲಿಲ್ಲ. ಎಂದರೆ ಅತ್ಯಂತ ಬಡವರು ಆರಿಸಿಕೊಳ್ಳುವ ಅತ್ಯಂತ ಚಿಕ್ಕ ಕೋರ್ಸಿಗೇ ನೆರವಿಲ್ಲ. ಹಾಗೆಂದು ನಿಯಮ ಸಡಿಲಿಸಿದರೆ ಹಣದ ಆಸೆಗೆ ನಾಯಿಕೊಡೆಗಳಂತೆ ಕೋರ್ಸುಗಳು ಏಳುತ್ತವೆ ಎಂಬ ಭಯ. ವರ್ಷಗಟ್ಟಲೆ ಚರ್ಚೆ ನಡೆಯಿತು.

ಕೊನೆಗೆ 2025ರ ಜುಲೈನಲ್ಲಿ ಸಹಿ ಬಿದ್ದ ಕಾನೂನು, 8ರಿಂದ 15 ವಾರದೊಳಗಿನ, 150ರಿಂದ 600 ಗಂಟೆಯೊಳಗಿನ ಕೋರ್ಸುಗಳಿಗೂ ಈ ನೆರವು ವಿಸ್ತರಿಸಿ, 2026ರ ಜುಲೈ 1ನ್ನು ಜಾರಿಯ ದಿನವಾಗಿ ಗೊತ್ತುಪಡಿಸಿತು. ಷರತ್ತುಗಳು ಬಿಗಿಯಾಗಿವೆ. ಸೇರಿದವರಲ್ಲಿ ಕನಿಷ್ಠ ಶೇ 70ರಷ್ಟು ಜನ ಕೋರ್ಸು ಮುಗಿಸಬೇಕು, ಶೇ 70ರಷ್ಟು ಜನರಿಗೆ ಕೆಲಸ ಸಿಗಬೇಕು. ಕಲಿತವರ ಗಳಿಕೆಯ ಹೆಚ್ಚಳಕ್ಕಿಂತ ಶುಲ್ಕ ಜಾಸ್ತಿ ಇರಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಅಲ್ಲಿ ಕಲಿತದ್ದು ಮುಂದಿನ ಸರ್ಟಿಫಿಕೇಟಿಗೋ ಪದವಿಗೋ ಲೆಕ್ಕಕ್ಕೆ ಬರಬೇಕು. 1917ರ ಕಾನೂನು ಕಾಲೇಜು ಮಟ್ಟಕ್ಕಿಂತ ಕೆಳಗೆ ಎಂದು ಎಳೆದ ಗೆರೆಯನ್ನು ದಾಟಲು 2025ರ ಕಾನೂನು ಕಾಲುಸಂಕವೊಂದನ್ನು ಹಾಕಿತು ಎನ್ನಬಹುದು.

ನಮ್ಮಲ್ಲಿಗೂ ಬಂದ ಹೆಸರು

ಕಮ್ಯುನಿಟಿ ಕಾಲೇಜಿನ ಹೆಸರು ಭಾರತಕ್ಕೂ ಬಂದಿದೆ. ಪಾಂಡಿಚೇರಿ ವಿಶ್ವವಿದ್ಯಾಲಯ 1995ರಲ್ಲಿ, ಮರುವರ್ಷ ಮದರಾಸಿನ ಕ್ರೈಸ್ತ ಧರ್ಮಪ್ರಾಂತ್ಯ ಇಂಥ ಕಾಲೇಜುಗಳನ್ನು ಆರಂಭಿಸಿದವು. ಹನ್ನೆರಡನೆಯ ಪಂಚವಾರ್ಷಿಕ ಯೋಜನೆಯ ಕಾಲದಲ್ಲಿ ಯು.ಜಿ.ಸಿ. ಇದನ್ನು ತನ್ನ ಯೋಜನೆಯಾಗಿಸಿಕೊಂಡಿತು. ಸರ್ಟಿಫಿಕೇಟು, ಡಿಪ್ಲೊಮಾ, ಪದವಿಗಳನ್ನು ಒಂದೇ ಏಣಿಯ ಮೆಟ್ಟಿಲುಗಳಾಗಿ ಜೋಡಿಸುವ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟನ್ನು ಕೇಂದ್ರ ಸರ್ಕಾರ 2013ರ ಡಿಸೆಂಬರಿನಲ್ಲಿ ಪ್ರಕಟಿಸಿತು.

ಆ ಹೆಸರಿಲ್ಲದೆಯೂ ಅಂಥದೇ ಪ್ರಶ್ನೆಗೆ ನಮ್ಮ ನೆಲದಲ್ಲಿ ಒಂದು ಉತ್ತರ ಹುಟ್ಟಿತ್ತು. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರ ನೇತೃತ್ವದಲ್ಲಿ, ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಸಹಭಾಗಿತ್ವದಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆ ನಿರುದ್ಯೋಗಿ ಯುವಕ ಯುವತಿಯರಿಗೆ ಉಚಿತವಾಗಿ ಅಲ್ಪಾವಧಿಯ ತರಬೇತಿ ಕೊಡುತ್ತದೆ. ಅದರ ಹೆಚ್ಚುಗಾರಿಕೆ ತರಬೇತಿಯ ದಿನಗಳಲ್ಲಿ ಮಾತ್ರವಿಲ್ಲ. ಕಲಿತವನಿಗೆ ಬ್ಯಾಂಕಿನ ಸಾಲ ಸಿಗುವಂತೆ ನೋಡಿಕೊಳ್ಳುವುದರಲ್ಲಿ, ಆಮೇಲೂ ಎರಡು ವರ್ಷ ಅವನ ಬೆನ್ನಿಗೆ ನಿಲ್ಲುವುದರಲ್ಲಿದೆ. ಅದರ ಮಾದರಿಯನ್ನೇ ಕೇಂದ್ರ ಸರ್ಕಾರ ಆಮೇಲೆ ದೇಶದ ಜಿಲ್ಲೆಗಳಿಗೆ ಹಬ್ಬಿಸಿತು.

ಕೋರ್ಸು ಎಷ್ಟು ವಾರದ್ದು ಎಂಬುದರಿಂದ ಸರ್ಟಿಫಿಕೇಟಿನ ತೂಕ ಗೊತ್ತಾಗುವುದಿಲ್ಲ. ಜೋಲಿಯೆಟ್‌ನಿಂದ ಉಜಿರೆಯವರೆಗಿನ ಅನುಭವ ಹೇಳುವುದು ಇದನ್ನೇ. ಆ ಕಾಗದ ಹಿಡಿದು ಹೊರಬಂದವನಿಗೆ ಮುಂದೆ ಕೆಲಸವಿದೆಯೇ, ಸಾಲ ಕೊಡುವ ಬ್ಯಾಂಕಿದೆಯೇ, ಮತ್ತೆ ಓದಬೇಕೆನಿಸಿದರೆ ಹಿಂದೆ ಕಲಿತದ್ದನ್ನು ಲೆಕ್ಕಕ್ಕೆ ಹಿಡಿಯುವ ಕಾಲೇಜಿದೆಯೇ? ಮಗಳನ್ನೋ ಮಗನನ್ನೋ ಮೂರು ತಿಂಗಳ ಕೋರ್ಸಿಗೆ ಸೇರಿಸಲು ಹೊರಟವರು ಶುಲ್ಕ ಕಟ್ಟುವ ಮುನ್ನ ಈ ಮೂರು ಪ್ರಶ್ನೆಗಳನ್ನು ಕೇಳುವುದು ಒಳ್ಳೆಯದು.