ತರಕಾರಿ ಅಂಗಡಿಯಿಂದ ಶಾಂಘಾಯಿವರೆಗೆ

1995ರ ಡಿಸೆಂಬರ್ 20ರಂದು ಶಾಂಘಾಯಿಯ ಪುಡೊಂಗ್‌ನಲ್ಲಿ ಹೊಸ ಮಳಿಗೆಯೊಂದು ಬಾಗಿಲು ತೆರೆಯಿತು. ಒಂದೇ ದಿನದಲ್ಲಿ 10 ಲಕ್ಷಕ್ಕೂ ಹೆಚ್ಚು ಜನ ಅದರೊಳಗೆ ಹೊಕ್ಕು ಹೊರಬಂದರು. ಶಾಂಘಾಯಿಯ ಸರ್ಕಾರಿ ಮಳಿಗೆಯೊಂದರ ಪಾಲುದಾರಿಕೆಯಲ್ಲಿ ಅದನ್ನು ಕಟ್ಟಿದ್ದು ಜಪಾನಿನ ಯಾವೋಹಾನ್ ಕಂಪೆನಿ. 21 ತಿಂಗಳಲ್ಲಿ ಆ ಕಂಪೆನಿಯೇ ದಿವಾಳಿಯೆದ್ದಿತು.

ಯಾವೋಹಾನ್‌ನ ಮೂಲ ಅಟಾಮಿ ಎಂಬ ಬಿಸಿನೀರ ಬುಗ್ಗೆಗಳ ಊರಿನ ತರಕಾರಿ ಅಂಗಡಿ. ವಾಡಾ ದಂಪತಿ ನಡೆಸುತ್ತಿದ್ದ ವ್ಯಾಪಾರವನ್ನು ಮಗ ಕಜುವೊ ವಾಡಾ ವಿದೇಶಕ್ಕೆ ಒಯ್ದರು. ತವರಿನಲ್ಲಿ ಅವರಿಗಿಂತ ಬಹಳ ದೊಡ್ಡ ಅಂಗಡಿಕಾರರಿದ್ದರು. ಆದ್ದರಿಂದ ಅವರು ಮೊದಲು ಹಾರಿದ್ದು ಬ್ರೆಜಿಲ್‌ಗೆ, 1971ರಲ್ಲಿ. 1908ರಿಂದಲೂ ಜಪಾನೀಯರು ವಲಸೆ ಹೋಗಿ ನೆಲೆಸಿದ್ದ ನಾಡು ಅದು. ಗಿರಾಕಿಯ ಭಾಷೆಯನ್ನೂ ಧಣಿಯ ಭಾಷೆಯನ್ನೂ ಬಲ್ಲವರು ಅಲ್ಲಿ ಸಿಗುತ್ತಿದ್ದರು. ಪರದೇಶದಲ್ಲಿ ಅಂಗಡಿ ಇಡುವವನಿಗೆ ಇದಕ್ಕಿಂತ ದೊಡ್ಡ ಅನುಕೂಲ ಯಾವುದು? ಆದರೆ 1973ರ ತೈಲ ಬಿಕ್ಕಟ್ಟಿನ ಹೊಡೆತಕ್ಕೆ ಬ್ರೆಜಿಲ್ ಸಾಹಸ ನೆಲಕಚ್ಚಿತು. 1974ರಲ್ಲಿ ಶುರುವಾದ ಸಿಂಗಪುರದ ಮಳಿಗೆ ಮಾತ್ರ ಕೈಹಿಡಿಯಿತು.

ಅಂಗಡಿಯೇನೋ ಕಟ್ಟಬಹುದು, ಅದರೊಳಗೆ ನಿಲ್ಲುವವರು ಬೇಕಲ್ಲ! ಸೊಂಟ ಬಗ್ಗಿಸಿ ನಮಸ್ಕರಿಸುವುದು, ಪೊಟ್ಟಣ ಅಂದವಾಗಿ ಕಟ್ಟುವುದು, ನಗುಮೊಗದ ಸ್ವಾಗತ, ಇವೆಲ್ಲ ಜಪಾನಿ ಮಳಿಗೆಯ ಸರಕಿನಷ್ಟೇ ಮುಖ್ಯ. ವಾಡಾ ಇನ್ನೊಂದು ಹೆಜ್ಜೆ ಮುಂದೆ ಹೋದರು. ಅವರು ಸೆಯಿಚೊ-ನೊ-ಇಯೆ ಎಂಬ ಧಾರ್ಮಿಕ ಪಂಥದ ಅನುಯಾಯಿ. ಸಿಬ್ಬಂದಿ ತರಬೇತಿಗೂ ಅದರ ಬೋಧನೆಯನ್ನು ತಂದರು. ಸೋಪು, ಸೀರು ಮಾರಲು ಬಂದವರಿಗೆ ಧಣಿಯ ನಂಬಿಕೆಯ ಪಾಠ ಏಕೆಂದು ಕೇಳುವುದು ಅನ್ಯಾಯವೇನಲ್ಲ.

1984ರಲ್ಲಿ ಕಂಪೆನಿ ಹಾಂಗ್‌ಕಾಂಗ್‌ನ ಶಾ ಟಿನ್‌ಗೆ ಬಂದಿತು. ಆ ನಗರವನ್ನು ಚೀನಾಕ್ಕೆ ಒಪ್ಪಿಸುವ ಒಪ್ಪಂದಕ್ಕೆ ಬ್ರಿಟನ್ ಸಹಿ ಹಾಕಿದ ವರ್ಷವದು. ತಿಯಾನನ್‌ಮೆನ್ ಘಟನೆಯ ನಂತರ ಅನೇಕರು ಹಾಂಗ್‌ಕಾಂಗ್ ಬಿಡುತ್ತಿದ್ದಾಗ, 1990ರಲ್ಲಿ, ವಾಡಾ ಕೇಂದ್ರ ಕಚೇರಿಯನ್ನೇ ಅಲ್ಲಿಗೆ ಸಾಗಿಸಿದರು. ಧೈರ್ಯವಂತರೆಂದು ಹೊಗಳಿಸಿಕೊಂಡರು. ಮಳಿಗೆಯ ಒಳಗಿನ ಚಿತ್ರ ಬೇರೆಯೇ ಇತ್ತು. ಜಪಾನಿನಿಂದ ಬಂದವರಿಗೊಂದು ಸೇವಾ ನಿಯಮ, ಸ್ಥಳೀಯರಿಗೆ ಇನ್ನೊಂದು. ಮೇಲಿನ ಕುರ್ಚಿಗಳು ಬಹುತೇಕ ಮೊದಲಿನವರ ಪಾಲು.

ಸಾಲಪತ್ರಗಳ ಹಣದಿಂದ ವಿಸ್ತರಿಸಿದ ಸಾಮ್ರಾಜ್ಯ 1997ರ ಸೆಪ್ಟೆಂಬರ್‌ನಲ್ಲಿ ಕುಸಿಯಿತು. ಸಾಲ ಸುಮಾರು 16,000 ಕೋಟಿ ಯೆನ್. ನವೆಂಬರ್‌ನಲ್ಲಿ ಹಾಂಗ್‌ಕಾಂಗ್ ಮಳಿಗೆಗಳೂ ಮುಚ್ಚಿದವು. ಜಪಾನೀಯರಿಗೆ ಹಿಂದಿರುಗಲು ತವರಿತ್ತು. ಕೌಂಟರಿನ ಹುಡುಗಿಯರಿಗೆ ಮತ್ತೆ ಕೆಲಸ ಹುಡುಕುವ ಪಾಳಿ ಬಂತು.

ಶಾಂಘಾಯಿಯ ಮಳಿಗೆ ಚೀನೀ ಪಾಲುದಾರರ ಕೈಗೆ ಹೋಯಿತು. ಯಾವೋಹಾನ್ ಹೆಸರನ್ನು ಅವರು ಅಳಿಸಲಿಲ್ಲ.